ಹೊಸ್ತಿಲಲ್ಲಿ ನಿಂತವರು

ಸವಳಂಗ ರಸ್ತೆಯ ನಮ್ಮ ಹೊಸ ಆಫೀಸಿನಲ್ಲಿ ಯಾರೂ ಸ್ವಿಚ್ಚು ಮುಟ್ಟುತ್ತಿರಲಿಲ್ಲ. ಒಳಗೆ ಕಾಲಿಟ್ಟರೆ ದೀಪ ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಅಲುಗಾಡದೆ ಕೂತರೆ, ಯಾರೂ ಇಲ್ಲವೆಂದುಕೊಂಡು ಆರಿಹೋಗುತ್ತಿತ್ತು. ಜನ ಹೆಚ್ಚಿದಂತೆ ಏಸಿಯ ತಂಪೂ ಹೆಚ್ಚುತ್ತಿತ್ತು. ಕರೆಂಟು ಉಳಿಯುತ್ತದೆಂದು ಮ್ಯಾನೇಜರಿಗೆ ಖುಷಿಯೋ ಖುಷಿ.

ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅಕೌಂಟ್ಸ್ ಮೇಡಂ ಮಾತ್ರ ಆ ಕಟ್ಟಡದ ಜೊತೆ ಮಾತಾಡುತ್ತಿದ್ದರು. ದೀಪ ಆರಿದೊಡನೆ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, ಬಸ್ಸಿಗೆ ಕೈ ತೋರಿಸುವ ಹಾಗೆ ಕೈಯೆತ್ತಿ, "ಇದೀನಪ್ಪಾ, ಇದೀನಿ" ಎನ್ನುವರು. ಬೆಳಕು ಮರಳುತ್ತಿತ್ತು. ನಾವು ನಕ್ಕರೆ, "ನಗ್ರಪ್ಪಾ, ನಗ್ರಿ. ಮನೇಲಿ ನಾನು ಬಂದಿದ್ದು ಯಾರಿಗೂ ಗೊತ್ತಾಗಲ್ಲ, ಇದಕ್ಕಾದ್ರೂ ಗೊತ್ತಾಗುತ್ತೆ" ಎಂದು ಗದರುವರು.

ಅಮ್ಮ ತೀರಿಕೊಂಡ ಮೇಲೆ ನಾನು ಕೆಲಸಕ್ಕೆ ಮರಳಿದ ದಿನ, ಮಧ್ಯಾಹ್ನ, ಮೀಟಿಂಗ್ ರೂಮಿನಲ್ಲಿ ಒಬ್ಬಳೇ ಕೂತಿದ್ದೆ. ಬಿಸಿಲಿಗೆ ಕಿಟಕಿಯ ಪರದೆಗಳು ತಾವೇ ಇಳಿದಿದ್ದವು. ಸ್ವಲ್ಪ ಹೊತ್ತಿಗೆ ದೀಪವೂ ಆರಿತು. ತುಂಗೆಯ ತಳದಲ್ಲಿ ಕೂತಂತೆ ತಣ್ಣಗಿತ್ತು, ಸದ್ದಿಲ್ಲದೆ ಇತ್ತು.

ಬಾಗಿಲು ಮೆಲ್ಲಗೆ ತೆರೆಯಿತು. ಮೇಡಂ ಬಂದಿದ್ದರು. ಆದರೆ ದೀಪ ಹೊತ್ತಲಿಲ್ಲ. ಸೆನ್ಸರಿನ ಕಣ್ಣು ಎಲ್ಲಿಯವರೆಗೆ ಕಾಣುತ್ತದೆಂದು ಅವರಿಗೆ ಗೊತ್ತಿತ್ತು, ಹೊಸ್ತಿಲಿನಾಚೆಯೇ ನಿಂತುಬಿಟ್ಟಿದ್ದರು.

"ಕತ್ಲಲ್ಲೇ ಕೂತಿರು ಮಾರಾಯ್ತಿ. ನಾನಿಲ್ಲೇ ಇದೀನಿ."

ಎಷ್ಟೋ ಹೊತ್ತು ಅವರೂ ಅಲುಗಲಿಲ್ಲ, ನಾನೂ ಅಲುಗಲಿಲ್ಲ. ಕಟ್ಟಡದ ಪಾಲಿಗೆ ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ನನ್ನ ಕೈ ತಾನಾಗಿ ಮೇಲೆದ್ದಿತು.

"ಇದೀನಪ್ಪಾ," ಎಂದೆ, "ಇದೀನಿ."

ಬೆಳಕು ಬಂದ ಮೇಲೆಯೇ ಅವರು ಒಳಗೆ ಬಂದರು.