ನಾನು ಕೊಡದ ನಾಲ್ಕು ಅಂಕ

ನಾನು ಧಾರವಾಡದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ, ಬೇರೆ ರಾಜ್ಯದಲ್ಲಿ ಶಿಕ್ಷಕ ತರಬೇತಿ ಮುಗಿಸಿ ಬಂದವರ ಕನ್ನಡ ಪರೀಕ್ಷೆಗೆ ನನ್ನನ್ನು ಪರೀಕ್ಷಕಿಯಾಗಿ ಕರೆದಿದ್ದರು. ಅದರಲ್ಲಿ ಪಾಸಾಗದವರ ತರಬೇತಿಗೆ ಇಲ್ಲಿ ಮಾನ್ಯತೆಯಿಲ್ಲ, ಸರ್ಕಾರಿ ಶಾಲೆಗೆ ಅರ್ಜಿ ಹಾಕುವಂತಿಲ್ಲ. ಬೆಳಿಗ್ಗೆ ಮೌಖಿಕ, ಮಧ್ಯಾಹ್ನ ಬರವಣಿಗೆ. ಎರಡರಲ್ಲೂ ಗೆಲ್ಲಬೇಕು.

ಬೆಳಿಗ್ಗೆ ಗಡಿಯಾಚೆಯ ಜತ್ತ ಕಡೆಯ ಹೆಣ್ಣುಮಗಳೊಬ್ಬಳು ಬಂದಳು. ಇಲ್ಲೇ ಹತ್ತಿರದ ಹೆಬ್ಬಳ್ಳಿಯ ಸೊಸೆ. ಎರಡನೇ ತರಗತಿಯ ಮಕ್ಕಳಿಗೆ ಹೇಳುವ ಹಾಗೆ ಒಂದು ಕಥೆ ಹೇಳು ಅಂದೆವು. ಎಮ್ಮೆಯೊಂದು ಸಂತೆಯಿಂದ ತಪ್ಪಿಸಿಕೊಂಡು ತಾನೇ ಮನೆ ಹುಡುಕಿಕೊಂಡು ಬಂದ ಕಥೆ ಹೇಳಿದಳು. ನಾವು ಪರೀಕ್ಷಕರು ಅನ್ನುವುದು ನಮಗೇ ಮರೆತುಹೋಗಿತ್ತು. ಇಷ್ಟು ಛಲೋ ಕನ್ನಡ ಎಲ್ಲಿ ಕಲಿತೆ ಎಂದು ಕೇಳಿದೆ.

“ಮನ್ಯಾಗ ಮಾತಾಡೋದು ಕನ್ನಡನ ರೀ ಅಕ್ಕೋರ. ಸಾಲ್ಯಾಗ ಬರದದ್ದಷ್ಟ ಮರಾಠಿ.”

ಸಂಜೆ ಉತ್ತರಪತ್ರಿಕೆ ತಿದ್ದಲು ಕೂತೆ. ಮೇಲೆ ಬರೀ ನಂಬರ್ ಇತ್ತು, ಆದರೂ ಅವಳದು ಯಾವುದೆಂದು ಗುರುತು ಸಿಕ್ಕಿತು. ಮರಾಠಿ ಲಿಪಿಯಲ್ಲಿ ಹ್ರಸ್ವ ಎ, ಒ ಇಲ್ಲ. ರೈತ ಬೆಳೆ ಕೊಯ್ದ ಎಂದು ನಾವು ಹೇಳಿ ಬರೆಸಿದ್ದನ್ನು ಅವಳು ‘ಬೇಳೆ ಕೋಯ್ದ’ ಎಂದು ಬರೆದಿದ್ದಳು. ಹಾಳೆಯ ತುಂಬ ಅದೇ ತಪ್ಪು. ಕೂಡಿಸಿದರೆ ಪಾಸಾಗಲು ನಾಲ್ಕು ಅಂಕ ಕಡಿಮೆ ಬಿದ್ದವು.

ಹಿರಿಯ ಪರೀಕ್ಷಕರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು, “ಕೊಡೂದಾದ್ರ ನೀವ ಕೊಡ್ರಿ ಮೇಡಂ. ನಾ ಬ್ಯಾಡ ಅನ್ನೂದಿಲ್ಲ,” ಅಂದರು. ಅವರು ಬೇಡ ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಮಕ್ಕಳಿಗೆ ಅಕ್ಷರ ಕಲಿಸುವವಳು ಹೀಗೆ ಬರೆದರೆ ಹೇಗೆ ಎಂದು ಯೋಚಿಸಿದೆ. ಅವಳ ಬಾಯಲ್ಲಿರುವ ಕನ್ನಡ ನನ್ನ ಅರ್ಧ ಸಹೋದ್ಯೋಗಿಗಳಿಗಿಲ್ಲ ಎಂದೂ ಯೋಚಿಸಿದೆ. ಅಂಕ ಕೊಡಲಿಲ್ಲ.

ತಿಂಗಳೊಪ್ಪತ್ತಿನಲ್ಲಿ, ಒಂದು ಭಾನುವಾರ ಮಧ್ಯಾಹ್ನ, ಅವಳು ನನ್ನ ಮನೆ ಬಾಗಿಲಲ್ಲಿ ನಿಂತಿದ್ದಳು. ಮೌಖಿಕದಲ್ಲಿ ನೋಡಿದ ಗುರುತಿನ ಮೇಲೆ ಶಾಲೆಯಲ್ಲಿ ವಿಳಾಸ ಕೇಳಿಕೊಂಡು ಬಂದಿದ್ದಳು. ಬರವಣಿಗೆ ಕಲಿಸಿಕೊಡಿ ಅಂದಳು. ಹಾಳೆ ತಿದ್ದಿದ್ದು ನಾನೇ ಎಂದು ಆಗಲೇ ಹೇಳಬೇಕಿತ್ತು. ಹೇಳದೆ, ಒಳಗೆ ಬಾ ಅಂದೆ.

ಒಂದು ವರ್ಷ ಪ್ರತಿ ಭಾನುವಾರ ಬಸ್ಸು ಹತ್ತಿ ಬಂದಳು. ದಿನಪತ್ರಿಕೆ ಓದಿ ಹೇಳುತ್ತಿದ್ದೆ, ಅವಳು ಬರೆಯುತ್ತಿದ್ದಳು. ನಡುನಡುವೆ, ಯಾರೋ ಪುಣ್ಯಾತ್ಮರು ನಾಲ್ಕೇ ನಾಲ್ಕು ಅಂಕಕ್ಕೆ ಕೈಬಿಟ್ಟರು ನೋಡಿ ಎಂದು ನಗುತ್ತಿದ್ದಳು. ನಾನು ಚಹಾ ಮಾಡುವ ನೆಪದಲ್ಲಿ ಏಳುತ್ತಿದ್ದೆ. ವಾರ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು. ಬರಬೇಡ ಅನ್ನಲೂ ಬಾಯಿ ಬರುತ್ತಿರಲಿಲ್ಲ.

ಮರುವರ್ಷ ನಾನು ಪರೀಕ್ಷಕಿಯಾಗಲು ಒಪ್ಪಲಿಲ್ಲ. ಅವಳು ಸಲೀಸಾಗಿ ಪಾಸಾದಳು, ಪೇಢೆಯ ಪೊಟ್ಟಣ ತಂದುಕೊಟ್ಟಳು. ನೇಮಕಾತಿಯ ಪ್ರಕಟಣೆ ಬಂದಾಗ ಅವಳ ವಯಸ್ಸು ಮಿತಿಯನ್ನು ಐದು ತಿಂಗಳು ದಾಟಿತ್ತು. ಹಿಂದಿನ ವರ್ಷ ಪಾಸಾಗಿದ್ದರೆ ಆಗಿನ ನೇಮಕಾತಿಗೆ ಹಾಕಬಹುದಿತ್ತು. ಇದನ್ನು ಹೇಳಲು ಬಂದವಳು ಅಳಲಿಲ್ಲ. ಅವತ್ತು ನಾನೇ ಬಾಯಿಬಿಟ್ಟೆ. ಆ ಹಾಳೆ ತಿದ್ದಿದವಳು ನಾನೇ ಅಂದೆ.

ಅವಳು ಸೆರಗಿನ ತುದಿ ಮಡಚಿದಳು.

“ತಿದ್ದಿದ್ದು ತಪ್ಪಿಲ್ಲ ಬಿಡ್ರಿ. ನಾ ಬರದದ್ದ ತಪ್ಪಿತ್ತು,” ಅಂದಳು. ಆಮೇಲೆ, “ಆದ್ರ ಒಂದ ವರ್ಷ ಎದುರಿಗೆ ಕುಂತು ಸುಮ್ನ ಇದ್ರೆಲ್ಲಾ ಅಕ್ಕೋರ.”

ಮುಂದಿನ ಭಾನುವಾರ ಅವಳು ಬರುವ ಕಾರಣವಿರಲಿಲ್ಲ. ಬರಲಿಲ್ಲ. ಈಗ ಶಿರಗುಪ್ಪಿಯ ಖಾಸಗಿ ಶಾಲೆಯೊಂದರಲ್ಲಿ ಒಂದನೇ ತರಗತಿ ನೋಡಿಕೊಳ್ಳುತ್ತಾಳಂತೆ. ಎರಡು ಸಲ ಫೋನ್ ಮಾಡಿದೆ. ಎರಡೂ ಸಲ ಎತ್ತಿ, ಕ್ಲಾಸಿನಲ್ಲಿದ್ದೇನೆ ಎಂದು ಮೆಲ್ಲಗೆ ಹೇಳಿ ಇಟ್ಟಳು.