ಲೈಟ್ ಬಾಲ್ ಅಂಕಲ್

ಮೊನ್ನೆ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದ ಮೇಲಿದ್ದ ಹಳೇ ಕಿಟ್ ಬ್ಯಾಗ್ ಇಳಿಸಿದೆ. ಜಿಪ್ ಎಳೆದ ಕೂಡಲೇ ಬೆವರು, ಧೂಳು, ರಬ್ಬರು ಎಲ್ಲ ಸೇರಿದ ವಾಸನೆ ಮುಖಕ್ಕೆ ಹೊಡೆಯಿತು. ಹೆಂಡತಿ ಮೂಗು ಮುಚ್ಚಿಕೊಂಡು ಆಚೆ ಹೋದಳು. ನನಗೆ ಅಲ್ಲಾಳಸಂದ್ರದ ಆಟದ ಸಾಮಾನಿನ ಅಂಗಡಿಯ ಅಂಕಲ್ ನೆನಪಾದರು...

ಹತ್ತು ವರ್ಷದ ಮೇಲಾಯಿತು. ಆಫೀಸು ಮುಗಿಸಿ, ಹೆಬ್ಬಾಳದ ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಖಾಲಿ ಸೈಟಿನಲ್ಲಿ ಕ್ರಿಕೆಟ್ ಆಡಬೇಕೆಂದರೆ ಲೈಟ್ ಬಾಲೇ ಗತಿ. ಟೆನಿಸ್ ಬಾಲಿನ ಹೊಟ್ಟೆಯೊಳಗೆ ಪುಟ್ಟ ಬಲ್ಬು. ನೆಲಕ್ಕೋ ಬ್ಯಾಟಿಗೋ ಬಡಿದರೆ ಹೊತ್ತಿಕೊಳ್ಳುತ್ತದೆ, ಸ್ವಲ್ಪ ಹೊತ್ತು ಉರಿದು ತಾನೇ ಆರುತ್ತದೆ. ತಂಡಕ್ಕೆ ಬಾಲ್ ತರುವ ಕೆಲಸ ನನ್ನದು. ಹಾಲಿನ ಪ್ಯಾಕೆಟ್ಟನ್ನೂ ಕೈಯಲ್ಲಿ ತೂಗಿ ನೋಡುವವನು ನಾನು, ಹಾಗಾಗಿ ಎಲ್ಲರೂ ನನ್ನ ತಲೆಗೇ ಕಟ್ಟಿದ್ದರು.

ಅಂಕಲ್‌ಗೆ ಒಂದು ಪದ್ಧತಿಯಿತ್ತು. ಹೊಸ ಮಾಲು ಬಂದ ದಿನ ಶಟರ್ ಮುಕ್ಕಾಲು ಇಳಿಸಿ, ಟ್ಯೂಬ್‌ಲೈಟ್ ಆರಿಸಿ, ಒಬ್ಬರೇ ಒಳಗೆ ಕೂತು ಒಂದೊಂದೇ ಬಾಲನ್ನು ನೆಲಕ್ಕೆ ಕುಟ್ಟಿ ನೋಡುತ್ತಿದ್ದರು. ಆಗ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅನುಮಾನ ಪಡಲು ನನಗೆ ಅಷ್ಟು ಸಾಕಾಯಿತು. ಒಂದು ಸಲ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ ಇಣುಕಿದೆ. ಮಂದವಾಗಿ ಉರಿಯುವ ಬಾಲುಗಳು ಮಾರುವ ಬುಟ್ಟಿಗೆ ಬೀಳುತ್ತಿದ್ದವು. ಕಣ್ಣು ಕುಕ್ಕುವ ಹಾಗೆ ಉರಿಯುವ ಕೆಲವು ಕೌಂಟರಿನ ಕೆಳಗಿನ ಬಿಸ್ಕೆಟ್ ಡಬ್ಬಕ್ಕೆ.

"ಅಂಕಲ್, ಆ ಡಬ್ಬದಲ್ಲಿರೋದು ಕೊಡಿ" ಅಂದೆ.

"ಅವು ಸರಿಯಿಲ್ಲ ಕಣ್ರೀ. ವಾಪಸ್ ಕಳಿಸೋವು."

ಸರಿಯಿಲ್ಲದ್ದನ್ನು ಯಾರಾದರೂ ಡಬ್ಬದಲ್ಲಿಟ್ಟು ಜೋಪಾನ ಮಾಡುತ್ತಾರೆಯೇ? ಕೆರೆಯಾಚೆಯ ತಂಡದವರೂ ಅಲ್ಲೇ ಬಾಲ್ ಕೊಳ್ಳುತ್ತಿದ್ದರು, ಮೂರು ವರ್ಷದಿಂದ ಕಪ್ ಅವರದೇ. ಅಂಕಲ್ ಒಳ್ಳೆಯದೆಲ್ಲ ಅವರಿಗೆ ಎತ್ತಿಡುತ್ತಿದ್ದಾರೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಆ ಸಲ ಕೆರೆಯಾಚೆಯವರೊಂದಿಗೇ ನಮ್ಮ ಫೈನಲ್ ಇತ್ತು. ಆ ಸಂಜೆ ಎರಡು ಬಾಲ್ ಕೊಂಡೆ. ಯಾರೋ ಹೆಂಗಸು ಶಟಲ್ ಕಾಕ್ ಕೇಳಿದರು, ಅಂಕಲ್ ಸ್ಟೂಲ್ ಹತ್ತಿ ಮೇಲಿನ ಶೆಲ್ಫಿಗೆ ಕೈಚಾಚಿದರು. ನಾನು ಬಗ್ಗಿ, ನನ್ನ ಒಂದು ಬಾಲನ್ನು ಡಬ್ಬಕ್ಕೆ ಹಾಕಿ ಡಬ್ಬದ ಒಂದನ್ನು ಜೇಬಿಗೆ ಇಳಿಸಿದೆ. ಕದ್ದೆ ಅನ್ನಿಸಲಿಲ್ಲ. ನಮ್ಮ ಪಾಲು ತೆಗೆದುಕೊಂಡೆ ಅನ್ನಿಸಿತು.

ಆ ಬಾಲ್ ಎಷ್ಟು ಚೆನ್ನಾಗಿ ಉರಿಯಿತೆಂದರೆ, ಮೊದಲ ಓವರಿನಲ್ಲೇ ನಮ್ಮವರು "ಸೂಪರ್ ಬಾಲ್ ಗುರು" ಎಂದರು. ಎರಡನೇ ಓವರಿನಲ್ಲಿ ಅವರ ಬ್ಯಾಟ್ಸ್‌ಮನ್ ಎತ್ತಿ ಹೊಡೆದ. ಕೆಳಗೆ ನನ್ನ ಹೆಂಡತಿಯ ತಮ್ಮ ಕ್ಯಾಚಿಗೆ ಓಡಿದ. ಬಾಲ್ ಮೇಲೆ ಹೋದದ್ದು ಎಲ್ಲರಿಗೂ ಕಂಡಿತು. ಅಲ್ಲೇ ಆರಿಹೋಯಿತು.

"ಎಲ್ಲಿ ಭಾವ? ಎಲ್ಲಿ?" ಎಂದು ಅವನು ಕೂಗಿದ. ಅಷ್ಟರಲ್ಲಿ ಅದು ಅವನ ಬಾಯಿಗೇ ಬಿತ್ತು. ಮುಂದಿನ ಹಲ್ಲು ಅರ್ಧಕ್ಕೆ ಮುರಿಯಿತು. ಹೊಟ್ಟೆಯಲ್ಲಿ ಬಲ್ಬು, ಬ್ಯಾಟರಿ ತುಂಬಿದ ಬಾಲ್ ಎಷ್ಟು ಭಾರ ಎಂದು ಅವತ್ತು ತಿಳಿಯಿತು. ಯಾರ ಅಂಗಡೀದು ಇದು ಎಂದು ಎಲ್ಲರೂ ಕೇಳಿದಾಗ ನಾನು ಅಂಕಲ್ ಅಂಗಡಿಯದು ಅಂದೆ. ಅಷ್ಟೇ ಅಂದೆ.

ಮಾರನೇ ದಿನ ಇಡೀ ತಂಡ ಅಂಗಡಿಯ ಮುಂದೆ. ಊದಿದ ತುಟಿಯಲ್ಲೇ ಭಾವಮೈದ ಬೈದ. ಅಂಕಲ್ ಬಾಲನ್ನು ತಿರುಗಿಸಿ ನೋಡಿದರು. ಬಿಳಿ ಗೆರೆಯ ಪಕ್ಕ ಕೆಂಪು ಪೆನ್ನಿನ ಒಂದು ಚುಕ್ಕೆ ಇತ್ತು. ಕತ್ತಲಲ್ಲಿ ನಾನು ನೋಡಿರಲಿಲ್ಲ. ವಾಪಸ್ ಕಳಿಸುವ ಬಾಲುಗಳಿಗೆ ಅವರು ಇಡುತ್ತಿದ್ದ ಗುರುತು ಅದು. ಮೊದಲು ಜೋರಾಗಿ ಉರಿದು ಸಟಕ್ಕನೆ ಆರುವಂಥವು. ಅವರು ತಲೆಯೆತ್ತಿ ನನ್ನನ್ನೊಬ್ಬನನ್ನೇ ನೋಡಿದರು.

"ನನ್ ಅಂಗಡೀದೇ ಇದು. ತಪ್ಪು ನಂದೇ. ಡಬ್ಬಕ್ಕೆ ಬೀಗ ಹಾಕ್ಬೇಕಿತ್ತು" ಅಂದರು.

ನನ್ನ ಹೊರತು ಯಾರಿಗೂ ಆ ಮಾತು ಅರ್ಥವಾಗಲಿಲ್ಲ. ಯಾಕೆ ನನ್ನನ್ನು ಹಿಡಿದುಕೊಡಲಿಲ್ಲ? ಇದರಲ್ಲೂ ಏನೋ ಮಸಲತ್ತು ಇರಬೇಕು, ಆಮೇಲೆ ಮನೆಗೆ ಬಂದು ಹೇಳಬಹುದು ಎಂದು ಒಂದು ವಾರ ಬಾಗಿಲು ಸದ್ದಾದರೆ ಬೆಚ್ಚುತ್ತಿದ್ದೆ. ಅವರು ಬರಲಿಲ್ಲ. ಅಲ್ಲಿ ಯಾರೂ ಬಾಲ್ ತಗೋಬೇಡಿ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಬಿತ್ತು. ಎಲ್ಲರ ಹಾಗೆ ನಾನೂ ಹೆಬ್ಬೆರಳಿನ ಚಿತ್ರ ಒತ್ತಿದೆ. ಆ ಬೆರಳಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ವರ್ಷದೊಳಗೆ ಅಂಗಡಿ ಮುಚ್ಚಿತು. ಬಾಗಲೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಕೇಳಿದ್ದೆ. ಹೋಗಬೇಕು, ಕ್ಷಮೆ ಕೇಳಬೇಕು ಅಂದುಕೊಂಡೇ ವರ್ಷಗಳು ಹೋದವು... ಕೊನೆಗೆ ಅವರು ತೀರಿಕೊಂಡ ಸುದ್ದಿ ಬಂತು. ಅದೂ ತಿಂಗಳುಗಳ ಮೇಲೆ.

ಕಳೆದ ಭಾನುವಾರ ಭಾವಮೈದ ಊಟಕ್ಕೆ ಬಂದಿದ್ದ. ಕಟ್ಟಿಸಿದ ಹಲ್ಲು ಮುಟ್ಟಿಕೊಂಡು, ಎಂದಿನಂತೆ ಆ ಮೋಸಗಾರ ಅಂಕಲ್‌ನನ್ನು ಬೈದ. ಈ ಸಲ ನನಗೆ ತಡೆಯಲಾಗಲಿಲ್ಲ. ಡಬ್ಬ, ಸ್ಟೂಲು, ಚುಕ್ಕೆ, ಎಲ್ಲ ಹೇಳಿಬಿಟ್ಟೆ. ಅವನು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ನನ್ನನ್ನು ನೋಡಿದ. ಆಮೇಲೆ ನಕ್ಕ.

"ಬಿಡಿ ಭಾವ. ಸತ್ತೋರನ್ನ ಬೈಬಾರ್ದು ಅಂತ ನೀವು ಕಥೆ ಕಟ್ತಿದ್ದೀರ. ನಿಮ್ಮನ್ನ ನಾನು ನೋಡಿಲ್ವಾ?"