ಅಪ್ಪನ ಸಾವಿಗೆ ಬರೆಸಿದ ಕಾರಣ

ಫ್ರೆಂಡ್ಸ್, ಕೋವಿಡ್‌ನಲ್ಲಿ ಅಪ್ಪನನ್ನು ಕಳೆದುಕೊಂಡವರಿಗೆ ನಮ್ಮ ಕಾಲೇಜಿನ ಹಾಸ್ಟೆಲ್‌ನಲ್ಲಿ ಒಂದು ಫ್ರೀ ಸೀಟು ಇದೆ. ಅದಕ್ಕೆ ಪ್ರೂಫ್ ಬೇಕೆಂದು ಇವತ್ತು ಅಮ್ಮನ ಜೊತೆ ಮಾಗಡಿಯ ತಾಲ್ಲೂಕು ಆಫೀಸಿಗೆ ಹೋಗಿದ್ದೆ.

ಗುಮಾಸ್ತರು ರೆಕಾರ್ಡ್ ನೋಡಿ, "ನಿಮ್ಮಪ್ಪ ಕೋವಿಡ್‌ನಲ್ಲಿ ಸತ್ತಿಲ್ಲ ಕಣಮ್ಮ. ಇಲ್ಲಿ ಹಾರ್ಟ್ ಅಟ್ಯಾಕ್ ಅಂತೈತೆ" ಅಂದರು.

"ಸರ್, ಇದು ಫ್ರಾಡ್!" ಅಂತ ನಾನು ಜಗಳಕ್ಕೆ ನಿಂತೆ. ಅಮ್ಮ ಕೈ ಹಿಡಿದು ಎಳೆದಳು. "ಸುಮ್ಕಿರವ್ವ. ನಾನೇ ಡಾಕ್ಟ್ರ ಕಾಲಿಡ್ದು ಹಂಗ್ ಬರಿಸ್ದೆ. ಇಲ್ದಿದ್ರೆ ನಮ್ಮೊಲದಲ್ಲಿ ಮಣ್ಣು ಮಾಡಾಕೆ ಹೆಣ ಕೊಡ್ತಿರ್ಲಿಲ್ಲ."

"ಕೊಟ್ರಲ್ಲಮ್ಮ?" ಅಂದರು ಗುಮಾಸ್ತರು.

"ಕೊಟ್ರು ಸಾ."

"ಮತ್ತಿನ್ನೇನು?" ಅಂತ ಫೈಲ್ ಮುಚ್ಚಿದರು.

ಸೀಟು ಹೋಯಿತು. ಕೋವಿಡ್ ಸಾವುಗಳನ್ನು ಸರ್ಕಾರ ಕಡಿಮೆ ತೋರಿಸಿದೆ ಅಂತ ಹೋದ ವಾರ ಇಲ್ಲೇ ಉದ್ದಕ್ಕೆ ಬರೆದಿದ್ದೆನಲ್ಲ, ಆ ಕಡಿಮೆಯಾದದ್ದರಲ್ಲಿ ಒಂದು ನಮ್ಮ ಮನೆಯದು. ಆ ಪೋಸ್ಟಿಗೆ ಇನ್ನೂ ಲೈಕ್ ಬರುತ್ತಲೇ ಇದೆ.